ಒಂಬತ್ತನೇ ಕಲಂ, ಹನ್ನೆರಡನೇ ಕಲಂ



ಕೃಷ್ಣರಾಜಪುರದ ತೂಗುಸೇತುವೆ ದಾಟಿ ಹಳೇ ಮದ್ರಾಸು ರಸ್ತೆಯಲ್ಲಿ ಹೋಗುತ್ತಿದ್ದರೆ ಐಟಿಐ ಕಾರ್ಖಾನೆ, ಆಮೇಲೆ ಭಟ್ಟರಹಳ್ಳಿ, ವಿರ್ಗೊನಗರ, ಆವಲಹಳ್ಳಿ ಸಿಗುತ್ತವೆ. ಅಲ್ಲಿಂದ ಎಡಕ್ಕೆ ಹೊರಳಿದರೆ ಬೆಂಗಳೂರು ಪೂರ್ವ ತಾಲ್ಲೂಕಿನ ಬಿದರಹಳ್ಳಿ ಹೋಬಳಿ. ಡಿಸೆಂಬರಿನಲ್ಲಿ ಆ ಕಡೆ ಹೋದವರು ನೋಡಿರುತ್ತೀರಿ, ಟಾರು ರಸ್ತೆಯ ಅರ್ಧದಗಲ ರಾಗಿ ತೆನೆ ಹರಡಿರುತ್ತಾರೆ. ನೀರಿನ ಟ್ಯಾಂಕರು, ಶಾಲೆಯ ಬಸ್ಸು, ಅಪಾರ್ಟ್‌ಮೆಂಟಿನವರ ಕಾರು ಎಲ್ಲವೂ ಅದರ ಮೇಲೆಯೇ ಹಾಯುತ್ತವೆ. ಕಣ ಮಾಡಲು ಜಾಗವಿಲ್ಲ, ರೋಣಗಲ್ಲು ಎಳೆಯಲು ಎತ್ತಿಲ್ಲ. ಕಾರಿನವರು ಹಾರ್ನ್ ಒತ್ತಿ, ಗೊಣಗುತ್ತಾ ಹೋಗುತ್ತಾರೆ. ಹೋಗುತ್ತಾ ಒಂದಿಷ್ಟು ರಾಗಿ ಉದುರಿಸಿಯೇ ಹೋಗುತ್ತಾರೆ. ಕೂಲಿಯಿಲ್ಲದೆ, ಅರ್ಜಿಯಿಲ್ಲದೆ, ಆಧಾರ್ ಕೇಳದೆ ರೈತರಿಗೆ ಸಿಗುವ ಸಹಾಯಧನ ಈ ತಾಲ್ಲೂಕಿನಲ್ಲಿ ಬಹುಶಃ ಇದೊಂದೇ.

ಉಳಿದ ಸಹಾಯಧನಗಳ ಮಾತು ಬೇರೆ. ಅವು ಯಾರಿಗೆ ಬರುತ್ತವೆ, ಯಾವ ಕಾಗದದ ಮೇಲೆ ಬರುತ್ತವೆ, ಯಾರಿಗೆ ಬರುವುದಿಲ್ಲ ಎನ್ನುವುದೇ ಈ ಹೊತ್ತಿನ ವಿಷಯ.

ರೈತರಿಗೆ ಸರ್ಕಾರ ಕೊಡುವ ಹಣ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಗೋಧಿ ಹೊಲ. ಪಂಜಾಬು, ಹರಿಯಾಣ, ಇಲ್ಲವೇ ಅಮೆರಿಕದ ಕ್ಯಾನ್ಸಸ್. ನಮ್ಮ ದಂಡು ಪ್ರದೇಶ 1809ರಿಂದ ಗೋಧಿ ತಿಂದುಕೊಂಡೇ ಬೆಳೆದ ಊರು. ಆದರೆ ಆ ಗೋಧಿ ಇಲ್ಲಿ ಬೆಳೆದದ್ದಲ್ಲ, ಮೂಟೆಯಲ್ಲಿ ಬಂದದ್ದು. ಹಲಸೂರಿನಿಂದ ಪೂರ್ವಕ್ಕೆ ಮಳೆ ನಂಬಿದ ಕೆಂಪು ಹೊಲದಲ್ಲಿ ಬೆಳೆದದ್ದು ರಾಗಿ. ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಇಂದಿರಾನಗರ ಎದ್ದದ್ದೇ ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿಯಂಥ ಊರುಗಳ ಹೊಲದ ಮೇಲೆ. ಈಗ ರಾಗಿ ಹುಡುಕಬೇಕಾದರೆ ಬೆಂಗಳೂರು ಪೂರ್ವ ತಾಲ್ಲೂಕಿನ ಅಂಚಿಗೆ, ಮಂಡೂರಿನ ಸುತ್ತಮುತ್ತ ಹೋಗಬೇಕು. 2025ರ ಸೆಪ್ಟೆಂಬರಿನಲ್ಲಿ ಕೆ.ಆರ್.ಪುರ, ಮಹದೇವಪುರ ಸೇರಿ ಬೆಂಗಳೂರು ಪೂರ್ವ ನಗರ ಪಾಲಿಕೆ ಹುಟ್ಟಿತು. ಅದೇ ಕೆ.ಆರ್.ಪುರದಲ್ಲಿ ತಾಲ್ಲೂಕು ಕಚೇರಿಯೂ ಇದೆ. ಒಂದು ಕಚೇರಿಯಲ್ಲಿ ಕಂದಾಯ ಕಟ್ಟುವ ಅಪಾರ್ಟ್‌ಮೆಂಟಿನವರು, ಇನ್ನೊಂದರಲ್ಲಿ ಪಹಣಿಗೆ ನಿಂತ ರೈತರು.

ಪಹಣಿ ಎಂದೆನಲ್ಲ, ಕಥೆ ಇರುವುದೇ ಅಲ್ಲಿ.

ಒಬ್ಬ ರೈತನ ಪಾಸ್‌ಬುಕ್ಕಿಗೆ ಯಾವ ಯಾವ ಹಣ ಬೀಳುತ್ತದೆ ಎಂದು ಮೊದಲು ನೋಡೋಣ. ಕೇಂದ್ರದ ಕಿಸಾನ್ ಸಮ್ಮಾನ್ ಯೋಜನೆ 2019ರ ಫೆಬ್ರುವರಿಯಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಅದೇ ವರ್ಷ ಯಡಿಯೂರಪ್ಪನವರ ಸರ್ಕಾರ ತನ್ನ ಪಾಲಿನಿಂದ 4,000 ಸೇರಿಸಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ ನಾಲ್ಕು ಸಾವಿರ ನಿಂತಿತು. ಬರ ಬಿದ್ದ ವರ್ಷ ಬೆಳೆ ಪರಿಹಾರ ಬರುತ್ತದೆ. ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರಿನ ಮಿತಿ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಕೇಂದ್ರದಿಂದ ಆ ಹಣ ತರಿಸಲು ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ರಾಗಿ ರಿಯಾಯಿತಿ ದರಕ್ಕೆ ಸಿಗುತ್ತದೆ, ನಮ್ಮ ಜಿಕೆವಿಕೆಯವರ ಜಿಪಿಯು-28ರಂಥ ತಳಿಗಳು.

ಇದೆಲ್ಲಕ್ಕೂ ಬೇಕಾದದ್ದು ರಾಜ್ಯದ ರೈತರ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನ ಒಂದು ಗುರುತಿನ ಸಂಖ್ಯೆ. ಆ ಸಂಖ್ಯೆಯ ಹಿಂದೆ ಆಧಾರ್, ಬ್ಯಾಂಕ್ ಖಾತೆ, ಮತ್ತು ಸರ್ವೆ ನಂಬರು. ಸರ್ವೆ ನಂಬರಿನ ಹಿಂದೆ ಪಹಣಿ. ಪಹಣಿಯಲ್ಲಿ ಒಡೆಯರ ಹೆಸರು ಬರೆಯುವ ಒಂಬತ್ತನೇ ಕಲಮಿನಲ್ಲಿ ನಿಮ್ಮ ಹೆಸರಿದ್ದರೆ ನೀವು ರೈತರು. ಇಲ್ಲದಿದ್ದರೆ, ಸೂರ್ಯ ಹುಟ್ಟುವುದಕ್ಕೆ ಮುಂಚೆ ಹೊಲಕ್ಕೆ ಹೋಗಿ ಮುಳುಗಿದ ಮೇಲೆ ಬಂದರೂ ಸರ್ಕಾರದ ಲೆಕ್ಕದಲ್ಲಿ ನೀವು ರೈತರಲ್ಲ.

ಮಂಡೂರಿನ ದಾರಿಯಲ್ಲಿ ರಾಗಿ ಬಡಿಯುತ್ತಿದ್ದ ಒಬ್ಬ ಹೆಂಗಸನ್ನು ಕಿಸಾನ್ ಸಮ್ಮಾನ್ ಕಂತಿನ ವಿಚಾರ ಕೇಳಿದೆ. ಮೊರದಲ್ಲಿ ತೂರುತ್ತಲೇ ಆಕೆ ಹೇಳಿದ್ದು ಇಷ್ಟು: “ಜಮೀನು ನಮ್ದಲ್ಲ ಸ್ವಾಮಿ, ಇಂದ್ರಾನಗರದೋರದು. ಒಳ್ಳೇರು, ವಾರ ಗೀರ ಏನೂ ಕೇಳಲ್ಲ. ಉತ್ಕೊಂಡು ತಿನ್ನಿ, ಯಾರೂ ಬೇಲಿ ಹಾಕ್ಕೊಳ್ಳದಂಗೆ ನೋಡ್ಕಳಿ ಅಂದವ್ರೆ. ಕಂತು ಅವರ್ಗೇ ಬರ್ತದೇನೋ. ನಾವ್ ಕೇಳಕಾಯ್ತದಾ?”

ಆಕೆಯ ಮಾತಿನಲ್ಲಿ ದೂರಿರಲಿಲ್ಲ. ಕೇಳಿದರೆ ಮುಂದಿನ ವರ್ಷ ಹೊಲವೇ ಇರುವುದಿಲ್ಲ ಎನ್ನುವ ಲೆಕ್ಕಾಚಾರ ಇತ್ತು. ಎಕರೆಗೆ ಕೋಟಿಗಳಲ್ಲಿ ಮಾತಾಡುವ ಜಮೀನು ಅದು. ಯಜಮಾನರಿಗೆ ರಾಗಿ ಬೇಕಿಲ್ಲ, ಜಮೀನು ಪಾಳು ಬೀಳದೆ, ಒತ್ತುವರಿಯಾಗದೆ ಇದ್ದರೆ ಸಾಕು. ಆಕೆಗೆ ಎರಡು ಹಸುವಿಗೆ ಹುಲ್ಲು, ಮನೆಗೆ ವರ್ಷದ ಮುದ್ದೆ. ಇಬ್ಬರಿಗೂ ಒಪ್ಪಿಗೆಯಾದ ಈ ಏರ್ಪಾಡು ಯಾವ ಕಾಗದದಲ್ಲೂ ಇಲ್ಲ. ಇರುವಂತೆಯೂ ಇಲ್ಲ.

ಯಾಕಿಲ್ಲ ಎನ್ನುವುದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಹಳ್ಳಿಹಳ್ಳಿಯಲ್ಲೂ ಕೇಳಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ವಿಚಾರಣೆಗೆ ಕೂತವು. ಆಗ ದೊಡ್ಡ ಸಾಕ್ಷಿಯಾದದ್ದು ಪಹಣಿಯ ಹನ್ನೆರಡನೇ ಕಲಂ, ಸಾಗುವಳಿದಾರರ ಹೆಸರು ಬರೆಯುವ ಜಾಗ. ಅಲ್ಲಿ ಹೆಸರಿದ್ದವರು ಎಷ್ಟೋ ಮಂದಿ ಒಂಬತ್ತನೇ ಕಲಮಿಗೆ ಬಡ್ತಿ ಪಡೆದರು. ಕರ್ನಾಟಕದ ಇತಿಹಾಸದಲ್ಲಿ ಅಷ್ಟು ದೊಡ್ಡ ಕೆಲಸ ಮತ್ತೊಂದು ಆಗಿಲ್ಲ ಎನ್ನುವವರಲ್ಲಿ ನಾನೂ ಒಬ್ಬ.

ಆದರೆ ಅದೇ ಕಾನೂನು ಇನ್ನೊಂದನ್ನೂ ಮಾಡಿತು. ಮುಂದಕ್ಕೆ ಯಾರೂ ಜಮೀನನ್ನು ಗೇಣಿಗೆ ಕೊಡಬಾರದು ಎಂದಿತು. ಸೈನಿಕರು, ನಾವಿಕರಂಥ ಕೆಲವರಿಗೆ ಬಿಟ್ಟರೆ ಎಲ್ಲರಿಗೂ ನಿಷೇಧ. ನಿಷೇಧದಿಂದ ವಾರ, ಅಂದರೆ ಪಾಲಿನ ಬೇಸಾಯ, ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಜಮೀನುಳ್ಳವರು ಒಂದು ಪಾಠ ಕಲಿತರು: ಏನಾದರೂ ಕೊಡಿ, ಹನ್ನೆರಡನೇ ಕಲಮಿನಲ್ಲಿ ಹೆಸರು ಮಾತ್ರ ಬೀಳಿಸಬೇಡಿ. ಇವತ್ತು ಈ ತಾಲ್ಲೂಕಿನ ಪಹಣಿ ತೆಗೆದು ನೋಡಿ. ಬಹುಪಾಲು ಕಡೆ ಒಂಬತ್ತರಲ್ಲೂ ಹನ್ನೆರಡರಲ್ಲೂ ಒಂದೇ ಹೆಸರು, ಇಲ್ಲವೇ “ಸ್ವಂತ”. ಹೊಲದಲ್ಲಿ ನಿಂತವರು ಬೇರೆ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ದೇಶವೇ ಮೆಚ್ಚಿದ ಕೆಲಸ. ಕಾಗದದಲ್ಲಿದ್ದ ಸುಳ್ಳೂ ಅದರ ಜೊತೆಗೇ ಕಂಪ್ಯೂಟರಿಗೆ ಹೋಯಿತು.

ಈಗ ಕಿಸಾನ್ ಸಮ್ಮಾನ್ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ನೋಡಿ. ಮೊದಲಿಗೆ ಎರಡು ಹೆಕ್ಟೇರಿನೊಳಗಿನ ಸಣ್ಣ ರೈತರಿಗೆ ಮಾತ್ರ ಇತ್ತು. ಕೆಲವೇ ತಿಂಗಳಲ್ಲಿ ಜಮೀನುಳ್ಳ ಎಲ್ಲರಿಗೂ ಎಂದಾಯಿತು. 2019ರ ಫೆಬ್ರುವರಿ 1ರಂದು ದಾಖಲೆಯಲ್ಲಿ ಹೆಸರಿರಬೇಕು. ಆಮೇಲೆ ಕೊಂಡವರಿಗೆ ಇಲ್ಲ, ವಾರಸುದಾರಿಕೆಯಿಂದ ಬಂದರೆ ಉಂಟು. ಆದಾಯ ತೆರಿಗೆ ಕಟ್ಟುವವರು, ಡಿ ದರ್ಜೆಯವರನ್ನು ಬಿಟ್ಟು ಉಳಿದ ಸರ್ಕಾರಿ ನೌಕರರು, ತಿಂಗಳಿಗೆ 10,000ಕ್ಕೆ ಕಡಿಮೆಯಿಲ್ಲದ ಪಿಂಚಣಿ ಪಡೆಯುವವರು, ವೃತ್ತಿ ನಡೆಸುವ ವೈದ್ಯರು, ವಕೀಲರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು ಯಾರಿಗೂ ಇಲ್ಲ. ಒಳ್ಳೆಯ ನಿಯಮ. ನಮ್ಮ ಭಾಗಕ್ಕೆ ಬಹಳ ಮುಖ್ಯವಾದದ್ದು ಇನ್ನೊಂದಿದೆ: ನಗರದ ಜಮೀನು, ಹಳ್ಳಿಯ ಜಮೀನು ಎಂಬ ಭೇದವಿಲ್ಲ, ಆದರೆ ನಗರದೊಳಗಿನ ಜಮೀನಿನಲ್ಲಿ ನಿಜವಾಗಿ ಸಾಗುವಳಿ ನಡೆಯುತ್ತಿರಬೇಕು.

ಸಾಗುವಳಿ ನಡೆಯುತ್ತಿರಬೇಕು, ಸರಿ. ಸಾಗುವಳಿ ಮಾಡುವವರೇ ಪಡೆಯಬೇಕು ಎಂದು ಬರೆದಿಲ್ಲ. ನಾನು ಹೇಳಿದ ಆ ಹೆಂಗಸಿನ ರಾಗಿಯೇ ಯಜಮಾನರ ಅರ್ಹತೆಗೆ ಪುರಾವೆ. ಬೆವರು ಅವಳದು, ಕಂತು ಅವರದು.

ಅನರ್ಹರಿಗೆ ಹಣ ಹೋಗಿದೆ ಎನ್ನುವುದು ಗುಟ್ಟೇನಲ್ಲ. 2021ರ ಜುಲೈನಲ್ಲಿ ಕೃಷಿ ಸಚಿವರೇ ಲೋಕಸಭೆಗೆ ಹೇಳಿದ ಲೆಕ್ಕದಂತೆ ದೇಶದಲ್ಲಿ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಸುಮಾರು 3,000 ಕೋಟಿ ರೂಪಾಯಿ ಸಂದಾಯವಾಗಿತ್ತು. ಅದನ್ನು ವಾಪಸು ಪಡೆಯುವ ಕೆಲಸ ಶುರುವಾಯಿತು, ಇ-ಕೆವೈಸಿ ಕಡ್ಡಾಯವಾಯಿತು. ಕೊಡಬಾರದವರಿಗೆ ಕೊಟ್ಟದ್ದನ್ನು ಹಿಡಿಯಲು ಇಷ್ಟೆಲ್ಲ ವ್ಯವಸ್ಥೆ. ಸಿಗಬೇಕಾದವರು ಬಿಟ್ಟುಹೋದದ್ದನ್ನು ಎಣಿಸಲು ಏನೂ ಇಲ್ಲ, ಯಾಕೆಂದರೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಬೆಂಬಲ ಬೆಲೆಯ ಕಥೆಯೂ ಇದಕ್ಕೆ ಹತ್ತಿರದ್ದು. 2025-26ರ ಮುಂಗಾರಿನ ರಾಗಿಗೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅದೇ ವರ್ಷದ ಹಿಂಗಾರಿನ ಗೋಧಿಗೆ 2,585. ಅಂಕಿ ನೋಡಿದರೆ ರಾಗಿಯೇ ರಾಜ. ಆದರೆ ಬೆಲೆ ಘೋಷಿಸುವುದು ಬೇರೆ, ಚೀಲ ತೂಗಿಸಿಕೊಳ್ಳುವುದು ಬೇರೆ. ಗೋಧಿಗೆ ಆಹಾರ ನಿಗಮದ ಗೋದಾಮು, ಮಂಡಿ, ದಶಕಗಳ ರೂಢಿ ಎಲ್ಲ ಇದೆ. 2023ರ ಹಂಗಾಮಿನಲ್ಲಿ ಸರ್ಕಾರ ಕೊಂಡ ಗೋಧಿ 262 ಲಕ್ಷ ಟನ್. ರಾಗಿಗೆ 2021-22ರಲ್ಲಿ ಕರ್ನಾಟಕಕ್ಕೆ ಮೊದಲು ಹಾಕಿದ ಮಿತಿ 2.10 ಲಕ್ಷ ಟನ್. ನೋಂದಣಿ ಶುರುವಾದ ಕೆಲವೇ ದಿನದಲ್ಲಿ ಮಿತಿ ಮುಗಿದು, ರೈತರು ಬೀದಿಗಿಳಿದ ಮೇಲೆ ಇನ್ನಷ್ಟು ಸೇರಿಸಿದರು. ಖರೀದಿ ಕೇಂದ್ರದಲ್ಲಿ ಹೆಸರು ಬರೆಸಲೂ ಅದೇ ಫ್ರೂಟ್ಸ್ ಸಂಖ್ಯೆ ಬೇಕು. ವಾರಕ್ಕೆ ಮಾಡಿದವರಿಗೆ ಎರಡೇ ದಾರಿ. ಯಜಮಾನರ ಹೆಸರಿನಲ್ಲಿ ಮಾರಿಸಿ, ಅವರ ಖಾತೆಗೆ ಬಿದ್ದ ಹಣ ಕೈಗೆ ಬರಲಿ ಎಂದು ಕಾಯುವುದು. ಇಲ್ಲವೇ ಮನೆ ಬಾಗಿಲಿಗೆ ಬರುವ ವ್ಯಾಪಾರಿ ಹೇಳಿದ ರೇಟಿಗೆ ಕೊಡುವುದು. ಎರಡನೆಯದು ಸುಲಭ. ಆತ ಪಹಣಿ ಕೇಳುವುದಿಲ್ಲ, ನೋಟು ಎಣಿಸಿಯೇ ಕೊಡುತ್ತಾನೆ. ದಲ್ಲಾಳಿಯನ್ನು ಬಯ್ಯುವ ಮುಂಚೆ ಇದನ್ನೂ ನೆನೆಯಬೇಕು.

ಇದು ನಮ್ಮದೇ ವಿಶೇಷವೇನಲ್ಲ. ಅಮೆರಿಕದಲ್ಲಿ 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಗೋಧಿ, ಹತ್ತಿ ಬೆಳೆಗಾರರಿಗೆ ಬಿತ್ತನೆ ಕಡಿಮೆ ಮಾಡಿದ್ದಕ್ಕೆ ಹಣ ಕೊಡತೊಡಗಿತು. ಹತ್ತಿಯ ನಾಡಿನಲ್ಲಿ ಆ ಹಣ ಹೆಚ್ಚಾಗಿ ಜಮೀನ್ದಾರರ ಕೈಯಲ್ಲೇ ಉಳಿಯಿತು. ಬಿತ್ತುವ ಎಕರೆ ಕಡಿಮೆಯಾಯಿತಲ್ಲ, ಪಾಲಿಗೆ ಮಾಡುತ್ತಿದ್ದವರನ್ನು ಒಕ್ಕಲೆಬ್ಬಿಸಿದರು. ಮಾರನೆಯ ವರ್ಷ ಆರ್ಕನ್ಸಾಸಿನ ಟೈರೊನ್ಜಾ ಎಂಬ ಸಣ್ಣ ಊರಿನಲ್ಲಿ ಕರಿಯರೂ ಬಿಳಿಯರೂ ಸೇರಿ ಗೇಣಿದಾರರ ಸಂಘ ಕಟ್ಟಿದ್ದು ಈ ಸಂಕಟದಿಂದಲೇ. ಅರವತ್ತು ವರ್ಷ ಕಳೆದು, 1996ರ ಕಾನೂನಿನಲ್ಲಿ ಹಳೆಯ ಬೆಳೆ ವಿಸ್ತೀರ್ಣದ ಲೆಕ್ಕದ ಮೇಲೆ ವರ್ಷವರ್ಷ ನಿಗದಿತ ಹಣ ಕೊಡುವ ಪದ್ಧತಿ ಬಂತು. ಗೋಧಿ ಬಿತ್ತಿದರೂ ಸರಿ, ಬಿತ್ತದಿದ್ದರೂ ಸರಿ. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಲೆಕ್ಕ ಹಾಕಿ, ಬೇಸಾಯವನ್ನೇ ಮಾಡದವರಿಗೆ 130 ಕೋಟಿ ಡಾಲರ್ ಹೋಗಿದೆ ಎಂದು ಬರೆಯಿತು. ಟೆಕ್ಸಾಸಿನಲ್ಲಿ ಭತ್ತದ ಗದ್ದೆಯೊಂದು ಸೈಟಾಗಿ, ಮನೆಗಳೆದ್ದು, ಆ ಮನೆಯವರಿಗೆ ಹಿತ್ತಲ ಹುಲ್ಲುಹಾಸಿನ ಲೆಕ್ಕದಲ್ಲಿ ಭತ್ತದ ಸಹಾಯಧನ ಬರುತ್ತಿದ್ದದ್ದೂ ಅದೇ ವರದಿಯಲ್ಲಿ ಬಂತು. ಓದುವಾಗ ನನಗೆ ವಿರ್ಗೊನಗರದ ಲೇಔಟುಗಳೇ ಕಣ್ಣಿಗೆ ಕಟ್ಟಿದವು. ಆ ಪದ್ಧತಿ 2014ರಲ್ಲಿ ಕೊನೆಗೊಂಡಿತು.

ಇನ್ನು ನಮ್ಮ ಹತ್ತಿರವೇ ಇರುವ ಒಂದು ಒಳ್ಳೆಯ ಮಾದರಿ ಹೇಳುತ್ತೇನೆ. ಅದು ಕೃಷಿ ಇಲಾಖೆಯಲ್ಲಿಲ್ಲ, ಹಾಲಿನ ಡೇರಿಯಲ್ಲಿದೆ.

ಬೆಳಗಿನ ಜಾವ ಈ ಹೋಬಳಿಯ ಯಾವುದಾದರೂ ಹಳ್ಳಿಯ ಡೇರಿ ಮುಂದೆ ನಿಂತು ನೋಡಿ. ಸ್ಟೀಲು ಕ್ಯಾನು ಹಿಡಿದು ಜನ ಸಾಲಾಗಿ ಬರುತ್ತಾರೆ, ಹೆಂಗಸರೇ ಹೆಚ್ಚು. ಕಾರ್ಯದರ್ಶಿ ಹಾಲಿನ ಮಾದರಿ ತೆಗೆದು ಯಂತ್ರಕ್ಕೆ ಹಿಡಿದು ಕೊಬ್ಬಿನಂಶ ನೋಡುತ್ತಾನೆ, ಲೀಟರ್ ಅಳೆಯುತ್ತಾನೆ, ಚೀಟಿ ಕೊಡುತ್ತಾನೆ. ಹಸು ಕಟ್ಟಿದ ಕೊಟ್ಟಿಗೆ ಯಾರದು, ಹುಲ್ಲು ಬೆಳೆದ ಹೊಲ ಯಾರದು ಎಂದು ಯಾರೂ ಕೇಳುವುದಿಲ್ಲ. ಹಾಲು ಹಾಕಿದವರ ಹೆಸರು ಪುಸ್ತಕದಲ್ಲಿದೆ, ಅಷ್ಟೇ. ರಾಜ್ಯ ಸರ್ಕಾರ ಹಾಲಿಗೆ ಪ್ರೋತ್ಸಾಹಧನ ಕೊಡಲು ಶುರು ಮಾಡಿದ್ದು 2008ರಲ್ಲಿ, ಲೀಟರಿಗೆ 2 ರೂಪಾಯಿ. 2013ರಲ್ಲಿ 4, 2016ರಲ್ಲಿ 5 ಆಯಿತು. ದಿನಕ್ಕೆ ಆರು ಲೀಟರ್ ಹಾಕುವ, ಗೇಣು ಜಮೀನಿಲ್ಲದ ಹೆಂಗಸಿಗೆ ಲೀಟರಿಗೆ ಐದರಂತೆ ತಿಂಗಳಿಗೆ 900 ರೂಪಾಯಿ. ವರ್ಷವಿಡೀ ಹಾಕಿದರೆ ಕಿಸಾನ್ ಸಮ್ಮಾನ್‌ನ ಮೂರು ಕಂತನ್ನೂ ಮೀರಿಸುವ ಮೊತ್ತ. ಬಾಕಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಆ ದೂರು ನಿಜ, ಸರ್ಕಾರ ತಿದ್ದಿಕೊಳ್ಳಲೇಬೇಕು. ಆದರೆ ತಡವಾಗಿಯಾದರೂ ಅದು ತಲುಪುವುದು ಹಾಲು ಕರೆದವರಿಗೆ.

ಸಹಾಯಧನದ ಗೊಬ್ಬರದ್ದೂ ಬಹುಮಟ್ಟಿಗೆ ಹೀಗೆಯೇ. 45 ಕಿಲೋದ ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವುದು ಅದನ್ನು ಕೊಳ್ಳಲು ಬಂದವರಿಗೆ. ಬೆರಳಚ್ಚು ಕೊಟ್ಟರೆ ಸಾಕು. ನಗದು ಬರುವಾಗ ಮಾತ್ರ ಸರ್ಕಾರಕ್ಕೆ ಹೊಲ ಕಾಣುವುದಿಲ್ಲ, ಪಹಣಿ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ಬೇರೆ ರಾಜ್ಯಗಳು ಪ್ರಯತ್ನಿಸಿವೆ. ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಮಾಡುವವರನ್ನೂ ಭೂರಹಿತರನ್ನೂ ಸೇರಿಸಿಕೊಂಡಿತು. ಆಂಧ್ರ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾನೂನು ತಂದು ಹನ್ನೊಂದು ತಿಂಗಳ ಕಾರ್ಡು ಕೊಟ್ಟಿತು. ಜಮೀನಿನ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟರೂ ಯಜಮಾನರ ಸಹಿ ಬೇಕು ಎಂದಿತು. ಸಹಿ ಹಾಕಲು ಯಜಮಾನರು ಹಿಂಜರಿದರು, ಬಹಳ ಮಂದಿಗೆ ಕಾರ್ಡೇ ಸಿಗಲಿಲ್ಲ. ತೆಲಂಗಾಣದ ರೈತುಬಂಧು ಗೇಣಿದಾರರನ್ನು ಹೊರಗಿಟ್ಟೇ ನಡೆಯಿತು, ಎಷ್ಟು ಎಕರೆ ಇದ್ದರೂ ಅಷ್ಟಕ್ಕೂ ಹಣ ಕೊಟ್ಟಿತು. ಅದನ್ನು ನಾವು ಅನುಸರಿಸಬೇಕಾಗಿಲ್ಲ.

ನಮ್ಮ ರಾಜ್ಯದ ಕೈಯಲ್ಲಿ ಒಂದು ಸಲಕರಣೆ ಇದೆ. ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆಗೆ ಊರಿನ ಹುಡುಗರೇ ಮೊಬೈಲು ಹಿಡಿದು ಸರ್ವೆ ನಂಬರಿಗೆ ಹೋಗಿ, ನಿಂತ ಬೆಳೆಯ ಫೋಟೋ ತೆಗೆದು, ರಾಗಿಯೋ ಅವರೆಯೋ ಪಾಳೋ ಎಂದು ದಾಖಲಿಸುತ್ತಾರೆ. ಆ ಹುಡುಗನಿಗೆ ಈ ಹೊಲ ಮಾಡುವವರು ಯಾರು ಎಂದು ಚೆನ್ನಾಗಿ ಗೊತ್ತಿರುತ್ತದೆ, ಅದೇ ಊರಿನವನಲ್ಲವೇ. ಆ ಆ್ಯಪಿನಲ್ಲಿ ಬೆಳೆಯ ಹೆಸರಿನ ಪಕ್ಕ ಬೆಳೆದವರ ಹೆಸರಿಗೂ ಒಂದು ಜಾಗ ಕೊಡಬೇಕು. ಈ ನಮೂದು ಯಾವ ಕಾಲಕ್ಕೂ ಒಡೆತನಕ್ಕೆ ಸಾಕ್ಷಿಯಾಗುವುದಿಲ್ಲ ಎಂದು ಶಾಸನಸಭೆ ಕಾನೂನು ಮಾಡಬೇಕು. ಆಗ ಯಜಮಾನರಿಗೆ 1974ರ ಭಯ ಇರುವುದಿಲ್ಲ. ಬರ ಪರಿಹಾರ, ಬಿತ್ತನೆ ಬೀಜ, ಖರೀದಿ ಕೇಂದ್ರದ ಚೀಟಿ, ಈ ಮೂರನ್ನಾದರೂ ಆ ನಮೂದಿನ ಮೇಲೆ ಕೊಡಬಹುದು. ಬೆಳೆ ಹಾಳಾದಾಗ ಪರಿಹಾರ ಬೆಳೆ ಕಳೆದುಕೊಂಡವರಿಗೆ ಹೋಗಬೇಕು ಎನ್ನುವುದರಲ್ಲಿ ವಾದ ಮಾಡುವಂಥದ್ದೇನಿದೆ?

ಜಮೀನುಳ್ಳ ಸಣ್ಣ ರೈತರಿಗೂ ಒಂದು ಮಾತು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ, ನಾಲ್ಕು ಜನ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಭಾಗ. ತಾತನಿಗೆ ಇ-ಕೆವೈಸಿ ಮಾಡಿಸಲಾಗದು, ಕಂತೂ ಬಾರದು. ಪೆರಿಫೆರಲ್ ರಿಂಗ್ ರಸ್ತೆಗೆಂದು 2007ರಲ್ಲಿ ಅಂತಿಮ ಅಧಿಸೂಚನೆಯಾಗಿ ಮಾರಲೂ ಆಗದೆ, ಪರಿಹಾರವೂ ಸಿಗದೆ ಕೂತಿರುವ ಜಮೀನಿನವರಿಗಂತೂ ದಾಖಲೆ ಸರಿಯಿರುವುದು ಬಹಳ ಮುಖ್ಯ. ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿಕೊಳ್ಳಿ. ಮರಣಪತ್ರ, ವಂಶವೃಕ್ಷ, ಆಧಾರ್ ಕೈಯಲ್ಲಿರಲಿ. ಅಕ್ಕತಂಗಿಯರ ಹೆಸರನ್ನು ವಂಶವೃಕ್ಷದಿಂದ ಬಿಡಬೇಡಿ. ಅದು ಅನ್ಯಾಯ, ಕಾನೂನಿಗೂ ವಿರುದ್ಧ, ಮುಂದೆ ಕೋರ್ಟಿಗೂ ಅಲೆಸುತ್ತದೆ.

ಕಡೆಯದಾಗಿ, ಇಂದಿರಾನಗರ, ಹಲಸೂರು, ಫ್ರೇಜರ್ ಟೌನ್‌ಗಳಲ್ಲಿ ಕೂತು ಈ ಮಾತು ಕೇಳುತ್ತಿರುವ, ಬಿದರಹಳ್ಳಿ ಕಡೆ ಜಮೀನಿರುವ ಕೇಳುಗರಲ್ಲಿ ಒಂದು ವಿನಂತಿ. ನೀವು ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಕಿಸಾನ್ ಸಮ್ಮಾನ್ ಹಣ ನಿಮಗೆ ಸಲ್ಲುವುದಿಲ್ಲ. ಯೋಜನೆಯ ಜಾಲತಾಣದಲ್ಲಿ ಸ್ವಇಚ್ಛೆಯಿಂದ ಬಿಟ್ಟುಕೊಡುವುದಕ್ಕೆ ಅವಕಾಶವಿದೆ. ಇವತ್ತೇ ಬಿಟ್ಟುಕೊಡಿ, ನೋಟಿಸು ಬರುವವರೆಗೆ ಕಾಯಬೇಡಿ. ಈ ಸಲ ನಿಮ್ಮ ಹೊಲದ ರಾಗಿಯನ್ನು ಖರೀದಿ ಕೇಂದ್ರಕ್ಕೆ ನಿಮ್ಮ ಸಂಖ್ಯೆಯಲ್ಲಿ ನೋಂದಾಯಿಸಿ ಕೊಡಿ. ಹಣ ಬಂದ ದಿನವೇ ಬೆಳೆದವರ ಕೈಗೆ ಮುಟ್ಟಿಸಿ. ಬರ ಪರಿಹಾರ ನಿಮ್ಮ ಖಾತೆಗೆ ಬಂದಿದ್ದರೆ ಅದೂ ಅವರದೇ. ಕಾನೂನು ಬದಲಾಗುವವರೆಗೆ ಇದು ನಿಮ್ಮ ಕೈಯಲ್ಲಿದೆ.